ಕ್ಲಿವ್‌ಡನ್ ಹೋಟೆಲಿನ ಗೋಡೆ ಕಲ್ಲಿನದೋ, ಗಾರೆಯದೋ?

ಪಾಂಡವಪುರದವಳು ಕೇಳಿದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಹಳೆಯ ಕಟ್ಟಡಗಳ ಬಗ್ಗೆ ತಿಳಿದವರು ಇಲ್ಲಿ ಹಲವರಿದ್ದೀರಿ ಎಂಬ ನಂಬಿಕೆಯಿಂದ ಬರೆಯುತ್ತಿದ್ದೇನೆ. ಇಂಗ್ಲೆಂಡಿನಲ್ಲಿ ಥೇಮ್ಸ್ ನದಿಯ ದಂಡೆಯ ಮೇಲಿರುವ ಕ್ಲಿವ್‌ಡನ್ ಎಂಬ ಬಂಗಲೆ, ಈಗ ಹೋಟೆಲು, ಅದರ ಹೊರಗೋಡೆ ಕಲ್ಲಿನದೋ ಗಾರೆಯದೋ? ಒಂದು ಸಾಲಿನ ಪ್ರಶ್ನೆಯೇ ಹೌದು. ಆದರೆ ಕೇಳಿದವರು ಯಾರು ಎಂದು ಹೇಳದಿದ್ದರೆ ಪ್ರಶ್ನೆ ಅರ್ಧವಾಗುತ್ತದೆ, ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ನಾನು ಹನ್ನೊಂದು ವರ್ಷಗಳಿಂದ ಲಂಡನ್ನಿನ ಪಶ್ಚಿಮಕ್ಕಿರುವ ಸ್ಲೌ ಊರಿನಲ್ಲಿದ್ದೇನೆ. ಈ ಬೇಸಿಗೆಯಲ್ಲಿ ಅಪ್ಪ ಮೊದಲ ಬಾರಿ ಬಂದಿದ್ದಾರೆ. ಎಪ್ಪತ್ತೆರಡು ವರ್ಷ. ಹದಿನಾಲ್ಕಕ್ಕೆ ಸೋದರಮಾವನ ಹಿಂದೆ ಗಾರೆ ಬಾಣಲಿ ಹೊತ್ತು ಹೋದವರು, ಆಮೇಲೆ ನಲವತ್ತೈದು ವರ್ಷ ಪಾಂಡವಪುರ, ಶ್ರೀರಂಗಪಟ್ಟಣ, ಮೇಲುಕೋಟೆಯ ಸುತ್ತಮುತ್ತ ಕರಣೆ ಹಿಡಿದೇ ಬದುಕಿದವರು. ನನ್ನ ಓದು, ನನ್ನ ವಿಮಾನದ ಟಿಕೆಟ್ಟು ಎಲ್ಲವೂ ಆ ಕರಣೆಯಿಂದಲೇ ಬಂದದ್ದು. ಅವರನ್ನು ಲಂಡನ್ನಿಗೆ ಕರೆದುಕೊಂಡು ಹೋದೆ. ನದಿ ದಂಡೆಯ ದೊಡ್ಡ ಚಕ್ರ, ಮೇಣದ ಬೊಂಬೆಗಳು, ಯಾವುದೂ ಅವರಿಗೆ ಹಿಡಿಸಲಿಲ್ಲ. "ಕಟ್ಟಿದ್ದು ಏನಾದರೂ ಇದ್ದರೆ ತೋರಿಸು ಮಗಳೇ" ಎಂದರು.

ಕ್ಲಿವ್‌ಡನ್ ನಮ್ಮ ಮನೆಯಿಂದ ಕಾರಿನಲ್ಲಿ ಅರ್ಧ ಗಂಟೆಯೂ ಇಲ್ಲ. ಕಳೆದ ಭಾನುವಾರ ಹೋದೆವು. ಒಳಗೆ ಬರುವ ದಾರಿಯಲ್ಲಿ ಮೊದಲು ಸಿಗುವುದು ಅಮೃತಶಿಲೆಯ ದೊಡ್ಡ ಚಿಪ್ಪಿನ ಕಾರಂಜಿ. ಎಲ್ಲರೂ ಅಲ್ಲಿ ನಿಂತು ಚಿತ್ರ ತೆಗೆಸಿಕೊಳ್ಳುತ್ತಾರೆ. ಅಲ್ಲಿಂದ ನೇರವಾದ ಅಗಲವಾದ ರಸ್ತೆ, ರಸ್ತೆಯ ಕೊನೆಯಲ್ಲಿ ಮನೆ. ಮೂರು ಅಂತಸ್ತು, ಗೋಡೆಗೆ ಅಂಟಿಕೊಂಡ ಚಪ್ಪಟೆ ಕಂಬಗಳು, ಮೇಲೆ ಸುತ್ತಲೂ ಕೈಪಿಡಿಗೋಡೆ, ಅದರ ಮೇಲೆ ಸಾಲು ಹೂಜಿಗಳು. ನನ್ನ ಕಣ್ಣಿಗೆ ಅದು ಅಪ್ಪಟ ಕಲ್ಲಿನ ಅರಮನೆ.

ಅಪ್ಪ ಕಾರಂಜಿಯ ಹತ್ತಿರ ನಿಲ್ಲಲೇ ಇಲ್ಲ. ನೇರವಾಗಿ ಹೋಗಿ ಗೋಡೆಯ ಮೇಲೆ ಅಂಗೈ ಇಟ್ಟರು. ಒಂದು ನಿಮಿಷ ಹಾಗೆಯೇ ಇಟ್ಟುಕೊಂಡಿದ್ದರು, ಮಗುವಿಗೆ ಜ್ವರ ಇದೆಯೇ ಎಂದು ನೋಡುವ ಹಾಗೆ. ಆಮೇಲೆ ಬೆರಳಿನ ಗೆಣ್ಣಿನಿಂದ ಎರಡು ಕಡೆ ತಟ್ಟಿ, "ಇದು ಕಲ್ಲಲ್ಲ" ಎಂದರು.

ಅಪ್ಪ, ಇದನ್ನು ಕಟ್ಟಿಸಿದವನು ಇಂಗ್ಲೆಂಡಿನ ಅತಿ ದೊಡ್ಡ ಶ್ರೀಮಂತರಲ್ಲಿ ಒಬ್ಬ, ಅವನಿಗೆ ಕಲ್ಲಿಗೇನು ಕೊರತೆ ಎಂದೆ. ಅವರು ಕೈ ಹಿಡಿದು ನನ್ನನ್ನು ಮೂಲೆಗೆ ಕರೆದುಕೊಂಡು ಹೋದರು. "ಕಲ್ಲಾಗಿದ್ದರೆ ಇಲ್ಲಿ ಉಳಿಯ ಗುರುತು ಇರಬೇಕು. ಕಲ್ಲಿಗೆ ಎಳೆ ಇರುತ್ತದೆ, ಒಂದು ಕಲ್ಲಿನ ಎಳೆ ಪಕ್ಕದ ಕಲ್ಲಿಗೆ ಹೊಂದುವುದಿಲ್ಲ. ಇಲ್ಲಿ ಎಳೆಯೇ ಇಲ್ಲ, ಈ ತುದಿಯಿಂದ ಆ ತುದಿಗೆ ಒಂದೇ ಮೈ" ಎಂದರು. ಮೇಲಿನ ಚಾಚಿನ ಅಂಚು ತೋರಿಸಿ, ಅದು ಕೆತ್ತಿದ್ದಲ್ಲ, ಹಸಿಯಾಗಿದ್ದಾಗ ತಗಡಿನ ಅಚ್ಚು ಎಳೆದು ತಂದದ್ದು ಎಂದರು. ಕೈಪಿಡಿಗೋಡೆಯ ಕುಳ್ಳ ಕಂಬಗಳನ್ನು ಬಹಳ ಹೊತ್ತು ನೋಡಿದರು. "ಎಲ್ಲವೂ ಒಂದೇ ತಾಯಿಯ ಮಕ್ಕಳು, ಅಚ್ಚಿನಿಂದ ಬಂದಿವೆ."

ನಂತರ ಮನೆಯ ದಕ್ಷಿಣಕ್ಕೆ ಸುತ್ತಿ ಬಂದೆವು. ಅಲ್ಲಿ ನೆಲ ತಗ್ಗಾಗಿ, ಮನೆ ಒಂದು ಎತ್ತರದ ಇಟ್ಟಿಗೆ ಜಗಲಿಯ ಮೇಲೆ ಕುಳಿತಿರುವುದು ಕಾಣುತ್ತದೆ. ಕೆಂಪು ಇಟ್ಟಿಗೆಯ ಕಮಾನುಗಳ ಉದ್ದನೆಯ ಸಾಲು. ಅಪ್ಪನ ಮುಖ ಅಲ್ಲಿ ಅರಳಿತು. "ಇದು ಬೇರೆ ಕೈ. ಮೇಲಿನ ಮನೆಗಿಂತ ಇದು ತುಂಬಾ ಹಳೆಯದು" ಎಂದರು. ನಾನು ಯಾವುದನ್ನೂ ಓದಿ ಹೇಳಿರಲಿಲ್ಲ, ನನಗೇ ಗೊತ್ತಿರಲಿಲ್ಲ.

ಪಕ್ಕದಲ್ಲಿ ಒಂದು ಗಡಿಯಾರದ ಗೋಪುರವಿದೆ. ಅದನ್ನು ನೋಡಿ, "ಗಡಿಯಾರ ಇಡುವುದಕ್ಕೆ ಇಷ್ಟು ದಪ್ಪದ ಗೋಪುರ ಯಾರೂ ಕಟ್ಟುವುದಿಲ್ಲ, ಒಳಗೆ ಭಾರವಾದದ್ದು ಏನೋ ಇದೆ" ಎಂಬುದು ಅವರ ಎರಡನೆಯ ಅನುಮಾನ.

ಚಹಾಕ್ಕೆ ಒಳಗಿನ ದೊಡ್ಡ ಹಜಾರಕ್ಕೆ ಹೋದೆವು. ಗೋಡೆ, ಚಾವಣಿ ಎಲ್ಲವೂ ಓಕ್ ಮರ. ಅಲ್ಲಿನ ಕಂಬಗಳನ್ನು ನೋಡಿ, ಈ ಮರದ ಕಂಬಗಳು ಮೇಲಿನ ಎರಡು ಅಂತಸ್ತನ್ನು ಹೊತ್ತಿವೆಯೇ ಎಂದು ಕೇಳಿದರು. ಪಕ್ಕದ ಮೇಜಿನಲ್ಲಿ ಕುಳಿತಿದ್ದ ಹಿರಿಯರೊಬ್ಬರು ಹೊರಗೋಡೆ ಸುಣ್ಣದ ಕಲ್ಲಿನದು ಎಂದು ಬಹಳ ವಿಶ್ವಾಸದಿಂದ ಹೇಳಿದರು. ನಾನು ಅದನ್ನು ಅಪ್ಪನಿಗೆ ಕನ್ನಡದಲ್ಲಿ ಹೇಳಿದೆ. ಅಪ್ಪ ವಾದ ಮಾಡಲಿಲ್ಲ, ಚಹಾ ಕುಡಿದರು. ಆದರೆ ಮನೆಗೆ ಬಂದ ಮೇಲೆ ರಾತ್ರಿ ಊಟಕ್ಕೆ ಕುಳಿತಾಗ ಮೆಲ್ಲಗೆ, "ನನ್ನ ಕೈಗೆ ವಯಸ್ಸಾಯಿತೇನೋ" ಎಂದರು. ಆ ಮಾತು ನನಗೆ ತಡೆಯಲಾಗಲಿಲ್ಲ. ದಯವಿಟ್ಟು ತಿಳಿದವರು ಹೇಳಿ.

ಇನ್ನೊಂದು. ಮನೆಯ ನೆತ್ತಿಯಲ್ಲಿ ಸುತ್ತಲೂ ಲ್ಯಾಟಿನ್ ಅಕ್ಷರಗಳ ಒಂದು ಪಟ್ಟಿ ಇದೆ. ಕೆಲಸ ಮಾಡಿದವರ ಹೆಸರು ಅದರಲ್ಲಿ ಇದೆಯೇ ಎಂದು ಅಪ್ಪ ಕೇಳುತ್ತಿದ್ದಾರೆ.

---

ಸುಣ್ಣದಗೂಡು ಬರೆದ ಉತ್ತರ

ತಾಯಿ, ಮೊದಲು ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರ ತಿಳಿಸಿ. ಅವರ ಕೈಗೆ ವಯಸ್ಸಾಗಿಲ್ಲ. ಅವರು ಹೇಳಿದ ಒಂದೊಂದು ಮಾತೂ ಸರಿ.

ನಾನು ಶಿವಮೊಗ್ಗದವನು, ಇಲ್ಲಿ ಬ್ರಿಸ್ಟಲಿನಲ್ಲಿ ಹಳೆಯ ಕಟ್ಟಡಗಳ ದುರಸ್ತಿಯ ಕೆಲಸದಲ್ಲಿದ್ದೇನೆ. ಕ್ಲಿವ್‌ಡನ್ನಿನ ಹೊರಮೈ ಇಟ್ಟಿಗೆಯ ಮೇಲೆ ಬಳಿದ ಗಾರೆ. ಕೈಪಿಡಿಗೋಡೆಯ ಕುಳ್ಳ ಕಂಬಗಳು, ಕಂಬಗಳ ಬೋದಿಗೆಗಳು, ಕಮಾನಿನ ನಡುಗಲ್ಲುಗಳು, ಮೇಲಿನ ಕಳಶಗಳು ಸುಟ್ಟ ಮಣ್ಣಿನವು, ಎಂದರೆ ನಮ್ಮ ಹೆಂಚಿನ ಜಾತಿಯವು. ಅಚ್ಚಿನಲ್ಲಿ ಒತ್ತಿ ಗೂಡಿನಲ್ಲಿ ಸುಟ್ಟವು. "ಒಂದೇ ತಾಯಿಯ ಮಕ್ಕಳು" ಎಂಬ ಮಾತನ್ನು ನಾನು ನನ್ನ ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದೇನೆ.

ಆ ಗಾರೆಗೆ ಇಲ್ಲಿ ರೋಮನ್ ಸಿಮೆಂಟ್ ಎನ್ನುತ್ತಾರೆ. ರೋಮನ್ನರಿಗೂ ಅದಕ್ಕೂ ಸಂಬಂಧವಿಲ್ಲ. 1796ರಲ್ಲಿ ಜೇಮ್ಸ್ ಪಾರ್ಕರ್ ಎಂಬ ಇಂಗ್ಲಿಷಿನವರು ಹಕ್ಕುಪತ್ರ ಪಡೆದ ಪದಾರ್ಥ. ಥೇಮ್ಸ್ ಸಮುದ್ರ ಸೇರುವಲ್ಲಿರುವ ಷೆಪ್ಪಿ ದ್ವೀಪದ ದಡದಲ್ಲಿ ಜೇಡಿಯ ನಡುವೆ ಸುಣ್ಣದ ಉಂಡೆಗಳು ಸಿಗುತ್ತವೆ. ಸುಣ್ಣ ಮತ್ತು ಜೇಡಿ ಎರಡೂ ಆ ಉಂಡೆಯೊಳಗೆ ಪ್ರಕೃತಿಯೇ ಬೆರೆಸಿಟ್ಟಂತೆ ಇರುತ್ತವೆ. ಅವನ್ನು ಸುಟ್ಟು ಪುಡಿ ಮಾಡಿದರೆ ಕಂದು ಬಣ್ಣದ ಸಿಮೆಂಟು. ನೀರು ಹಾಕಿದ ಕಾಲು ಗಂಟೆಯೊಳಗೆ ಗಟ್ಟಿಯಾಗುತ್ತದೆ. ನಿಮ್ಮ ತಂದೆಯವರಿಗೆ ಇದು ಅರ್ಥವಾಗುತ್ತದೆ: ಒಂದು ಬಾಣಲಿಗಿಂತ ಹೆಚ್ಚು ಕಲಸುವಂತಿಲ್ಲ, ಕಲಸಿದ ಮೇಲೆ ಮಾತನಾಡುತ್ತ ನಿಲ್ಲುವಂತಿಲ್ಲ. ಅಂಥ ಪದಾರ್ಥದಲ್ಲಿ ಆ ಉದ್ದದ ಚಾಚನ್ನು ಎಲ್ಲೂ ಸೊಟ್ಟಗಾಗದಂತೆ ಎಳೆದ ಕೈಗಳನ್ನು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ನಿಜವಾದ ರೋಮನ್ನರು ಮಾಡುತ್ತಿದ್ದದ್ದು ಬೇರೆ. ಸುಣ್ಣಕ್ಕೆ ಜ್ವಾಲಾಮುಖಿಯ ಬೂದಿಯನ್ನೋ, ಅದು ಸಿಗದ ಕಡೆ ಕುಟ್ಟಿದ ಇಟ್ಟಿಗೆ ಹೆಂಚಿನ ಪುಡಿಯನ್ನೋ ಸೇರಿಸುತ್ತಿದ್ದರು. ಅದು ನಮ್ಮ ಸುರ್ಕಿಯೇ. ಹಾಗಾಗಿ ರೋಮನ್ ಎಂಬ ಹೆಸರು ನಿಜವಾಗಿ ಸಲ್ಲಬೇಕಾದದ್ದು ನಿಮ್ಮ ತಂದೆಯವರು ಚಿಕ್ಕಂದಿನಲ್ಲಿ ಹೊತ್ತ ಬಾಣಲಿಗೆ.

ಶ್ರೀಮಂತ ಏಕೆ ಗಾರೆಯ ಮನೆ ಕಟ್ಟಿಸಿದ ಎಂದು ಕೇಳಿದ್ದೀರಿ. ಆ ಸುತ್ತಿನ ನೆಲವನ್ನು ನೋಡಿ. ಸೀಮೆಸುಣ್ಣದಂಥ ಮೆದುಗಲ್ಲು, ಜೇಡಿ, ಜಲ್ಲಿ. ಒಳ್ಳೆಯ ಕಟ್ಟಡಕಲ್ಲು ಅಲ್ಲಿ ಹುಟ್ಟುವುದಿಲ್ಲ, ಇಟ್ಟಿಗೆ ಹುಟ್ಟುತ್ತದೆ. ಲಂಡನ್ನಿನ ದೊಡ್ಡ ದೊಡ್ಡ ಬೀದಿಗಳೂ ಆಗ ಗಾರೆಯನ್ನೇ ತೊಟ್ಟಿದ್ದವು. ಅದು ಬಡವರ ಬಟ್ಟೆಯಾಗಿರಲಿಲ್ಲ.

ಜಗಲಿಯ ವಿಷಯ. ಇದು ಕ್ಲಿವ್‌ಡನ್ನಿನ ಮೂರನೆಯ ಮನೆ. ಮೊದಲನೆಯದನ್ನು 17ನೆಯ ಶತಮಾನದಲ್ಲಿ ಬಕಿಂಗ್‌ಹ್ಯಾಮಿನ ಎರಡನೆಯ ಡ್ಯೂಕ್ ಕಟ್ಟಿಸಿದ್ದು, ವಾಸ್ತುಶಿಲ್ಪಿ ವಿಲಿಯಂ ವಿಂಡ್. ಅದು 1795ರಲ್ಲಿ ಸುಟ್ಟುಹೋಯಿತು. ಎರಡನೆಯದು 1820ರ ದಶಕದಲ್ಲಿ ಎದ್ದು, 1849ರ ನವೆಂಬರಿನಲ್ಲಿ ಸುಟ್ಟುಹೋಯಿತು. ಸದರ್‌ಲೆಂಡಿನ ಡ್ಯೂಕ್ ಅದನ್ನು ಕೊಂಡ ವರ್ಷವೇ ಅದು. ವಿಂಡ್ಸರ್ ಕೋಟೆಯಿಂದ ವಿಕ್ಟೋರಿಯಾ ರಾಣಿಗೆ ಹೊಗೆ ಕಂಡು, ಅಲ್ಲಿಂದ ಬೆಂಕಿ ಆರಿಸುವ ಬಂಡಿಗಳನ್ನು ಕಳುಹಿಸಿದರು. ಎರಡು ಬೆಂಕಿಗಳನ್ನೂ ದಾಟಿ ಉಳಿದದ್ದು ವಿಂಡ್ ಕಟ್ಟಿಸಿದ ಆ ಇಟ್ಟಿಗೆ ಜಗಲಿ, ಸುಮಾರು 120 ಮೀಟರ್ ಉದ್ದ, 6 ಮೀಟರ್ ಎತ್ತರ. 1851ರಲ್ಲಿ ಚಾರ್ಲ್ಸ್ ಬ್ಯಾರಿ ಹೊಸ ಮನೆಯನ್ನು ಆ ಹಳೆಯ ಜಗಲಿಯ ಮೇಲೆಯೇ ಕೂರಿಸಿದರು. "ಬೇರೆ ಕೈ" ಎಂದ ನಿಮ್ಮ ತಂದೆಯವರು ಸುಮಾರು 180 ವರ್ಷಗಳ ಅಂತರವನ್ನು ಕಣ್ಣಿನಲ್ಲೇ ಅಳೆದಿದ್ದಾರೆ.

ಇದೇ ಬ್ಯಾರಿ ಆ ಹೊತ್ತಿಗೆ ಲಂಡನ್ನಿನ ಸಂಸತ್ ಭವನವನ್ನೂ ಕಟ್ಟಿಸುತ್ತಿದ್ದರು. ಅದು ನಿಜವಾದ ಕಲ್ಲಿನದು, ಯಾರ್ಕ್‌ಷೈರಿನ ಆನ್‌ಸ್ಟನ್ ಗಣಿಯ ಸುಣ್ಣದಕಲ್ಲು. ಲಂಡನ್ನಿನ ಕಲ್ಲಿದ್ದಲ ಹೊಗೆಗೆ ಆ ಕಲ್ಲು, ಕಟ್ಟಡ ಮುಗಿಯುವ ಮೊದಲೇ, ಉದುರಲು ಶುರುವಾಗಿತ್ತು. ಕಲ್ಲು ಎಂದ ಮಾತ್ರಕ್ಕೆ ಚಿರಂಜೀವಿಯಲ್ಲ.

ಗೋಪುರವನ್ನು 1861ರಲ್ಲಿ ಹೆನ್ರಿ ಕ್ಲಟನ್ ಸೇರಿಸಿದ್ದು, ಎತ್ತರ 30 ಮೀಟರ್. ಒಳಗಿರುವ ಭಾರ ನೀರು. ಅದು ನೀರಿನ ಗೋಪುರ, ಈಗಲೂ ಹಾಗೆಯೇ ಬಳಕೆಯಲ್ಲಿದೆ. ನಾಲ್ಕು ಕಡೆ ಗಡಿಯಾರದ ಮುಖ ಕೊಟ್ಟಿದ್ದಾರೆ, ಅಷ್ಟೇ.

---

ಪಾಂಡವಪುರದವಳು

ಸರ್, ನಿಮ್ಮ ಉತ್ತರವನ್ನು ಅಪ್ಪನಿಗೆ ಎರಡು ಸಲ ಓದಿ ಹೇಳಿದೆ. ಸುರ್ಕಿಯ ಮಾತು ಬಂದಾಗ ಎದ್ದು ಕುಳಿತರು. ಅವರ ತಾತ ಕನ್ನಂಬಾಡಿ ಕಟ್ಟೆಯ ಕೆಲಸದಲ್ಲಿ ಸುರ್ಕಿ ಗಾರೆ ಹೊತ್ತವರು. ಇಡೀ ಕಟ್ಟೆ ನಿಂತಿರುವುದು ಅದರ ಮೇಲೆಯೇ. ಅಪ್ಪ ಕೆಲಸಕ್ಕೆ ಸೇರಿದಾಗ ಹಳ್ಳಿಗಳಲ್ಲಿ ಸಿಮೆಂಟು ಸಿಗುವುದು ಕಷ್ಟವಾಗಿತ್ತು, ಆದ್ದರಿಂದ ಹಳೆಯ ರೀತಿಯ ಗಾರೆ ಅವರಿಗೆ ಚೆನ್ನಾಗಿ ಗೊತ್ತು. ಹೊಂಡದಲ್ಲಿ ಸುಣ್ಣ ಅರಳಿಸಿ ವಾರಗಟ್ಟಲೆ ಬಿಡುವುದು, ಮರಳು, ಸುರ್ಕಿ, ಬೆಲ್ಲದ ನೀರು, ಅಳಲೆಕಾಯಿಯ ಕಷಾಯ, ಎತ್ತು ಕಟ್ಟಿದ ಗಾಣದಲ್ಲಿ ಅರೆಯುವುದು. ಅರೆದದ್ದು ಸಾಕೇ ಎಂದು ನೋಡಲು ಸೋದರಮಾವ ಒಂದು ಚಿಟಿಕೆಯನ್ನು ಹೆಬ್ಬೆರಳ ಉಗುರಿನ ಮೇಲೆ ಉಜ್ಜಿ ನೋಡುತ್ತಿದ್ದರಂತೆ. ಮರಳಿನ ಗೀರು ಬಿದ್ದರೆ ಎತ್ತು ಇನ್ನೂ ಸುತ್ತಬೇಕು. ಈ ಮಾತನ್ನು ನಾನು ಹುಟ್ಟಿದಾಗಿನಿಂದ ಅವರು ಹೇಳಿದ್ದೇ ಇಲ್ಲ.

ಕಾಲು ಗಂಟೆಯಲ್ಲಿ ಗಟ್ಟಿಯಾಗುವ ಗಾರೆಯನ್ನು ನುಣುಪು ಮಾಡುವುದು ಹೇಗೆ ಎಂದು ರಾತ್ರಿಯೆಲ್ಲ ಯೋಚಿಸಿದ್ದಾರೆ.

---

ನಿವೃತ್ತ ಇಂಜಿನಿಯರ್, ಮೈಸೂರು ಬರೆದ ಉತ್ತರ

ನಾನು ಮೂವತ್ತನಾಲ್ಕು ವರ್ಷ ಸರ್ಕಾರಿ ಕಟ್ಟಡಗಳ ಕೆಲಸ ಮಾಡಿದವನು. ಮಗನ ಮನೆಗೆ ಹೋದಾಗ ಎರಡು ಸಲ ಕ್ಲಿವ್‌ಡನ್ ನೋಡಿದ್ದೇನೆ. ಮೇಲಿನ ಉತ್ತರಕ್ಕೆ ಒಂದು ಆಕ್ಷೇಪ, ಒಂದು ಸೇರ್ಪಡೆ.

ಆಕ್ಷೇಪ ಇದು. ಗಾರೆಯನ್ನು ಗಾರೆಯಾಗಿಯೇ ತೋರಿಸಿದರೆ ನನಗೆ ಸಂತೋಷ. ಕಲ್ಲಿನ ವೇಷ ಹಾಕಿಸಿದರೆ ಅದು ನೋಡುವವನಿಗೆ ಮಾಡಿದ ಮೋಸ ಎಂದೇ ನನ್ನ ಅಭಿಪ್ರಾಯ. ಆ ಮನೆಯಲ್ಲಿ ನನಗೆ ಅತ್ಯಂತ ಪ್ರಾಮಾಣಿಕವಾಗಿ ಕಂಡದ್ದು ಕೆಳಗಿನ ಇಟ್ಟಿಗೆ ಜಗಲಿ. ನಮ್ಮ ಮೈಸೂರಿನ ಲಲಿತ ಮಹಲಿನ ಬಗ್ಗೆಯೂ ನನಗೆ ಇಂಥದೇ ತಕರಾರು. 1921ರಲ್ಲಿ ವೈಸ್‌ರಾಯ್ ಅವರ ವಾಸ್ತವ್ಯಕ್ಕೆಂದು ಶುರುವಾದ ಕಟ್ಟಡ, ವಾಸ್ತುಶಿಲ್ಪಿ ಫ್ರಿಚ್ಲಿ, 1974ರಲ್ಲಿ ಹೋಟೆಲಾಯಿತು. ನಡುವಿನ ಗುಮ್ಮಟ ಲಂಡನ್ನಿನ ಸಂತ ಪಾಲ್ ಕೆಥೆಡ್ರಲ್ಲಿನ ನೆನಪು. ಚಾಮುಂಡಿ ಬೆಟ್ಟದ ಬುಡದಲ್ಲಿ ಲಂಡನ್ ಏಕೆ? ಥೇಮ್ಸ್ ದಂಡೆಯಲ್ಲಿ ರೋಮ್ ಏಕೆ?

ಸೇರ್ಪಡೆ ಒಳಗಿನ ಹಜಾರದ್ದು. ಬ್ಯಾರಿ ಕಟ್ಟಿದಾಗ ಅಲ್ಲಿ ಅಷ್ಟು ದೊಡ್ಡ ಹಜಾರ ಇರಲಿಲ್ಲ. ಪ್ರವೇಶದ ಕೋಣೆ, ಬೆಳಗಿನ ಕೋಣೆ, ಮೆಟ್ಟಿಲಿನ ಕೋಣೆ ಎಂದು ಮೂರಿದ್ದವು. 1893ರಲ್ಲಿ ಅಮೆರಿಕದ ವಿಲಿಯಂ ವಾಲ್ಡಾರ್ಫ್ ಆಸ್ಟರ್ ಈ ಆಸ್ತಿ ಕೊಂಡರು. ಅವರಿಗೆ ಒಳಗೂ ಇಟಲಿಯ ಅರಮನೆಯಂತೆ ಕಾಣಬೇಕಿತ್ತು. ಪಿಯರ್ಸನ್ ಎಂಬ ವಾಸ್ತುಶಿಲ್ಪಿಯಿಂದ ಮೂರು ಕೋಣೆಗಳನ್ನೂ ಒಂದು ಮಾಡಿಸಿ, ಓಕ್ ಮರ ಹೊದಿಸಿದರು. ನಿಮ್ಮ ತಂದೆಯವರ ಪ್ರಶ್ನೆ ಬಹಳ ಸೂಕ್ಷ್ಮವಾದದ್ದು. ಗೋಡೆ ತೆಗೆದ ಮೇಲೆ ಭಾರ ಎಲ್ಲಿಯಾದರೂ ಇಳಿಯಲೇಬೇಕು. ಕೆತ್ತನೆಯ ಮರ ಅಲಂಕಾರಕ್ಕೆ, ಹೊರುವ ಕೆಲಸಕ್ಕೆ ಬೇರೆ ಏರ್ಪಾಡು ಬೇಕು. ನಾನೂ ಅಲ್ಲಿ ಕುಳಿತು ಚಾವಣಿ ನೋಡಿದ್ದು ಇದೇ ಕಾರಣಕ್ಕೆ.

ಅಲ್ಲಿನ ಬೃಹತ್ ಅಗ್ಗಿಷ್ಟಿಕೆ 16ನೆಯ ಶತಮಾನದ್ದು, ಫ್ರಾನ್ಸಿನ ಬರ್ಗಂಡಿ ಪ್ರಾಂತ್ಯದ ಬೇರೊಂದು ಮನೆ ಒಡೆಯುವಾಗ ಕೊಂಡು ತಂದದ್ದು. ಊಟದ ಕೋಣೆಯ ಚಿನ್ನದ ಬಣ್ಣದ ಕೆತ್ತನೆಯ ಮರದ ಹೊದಿಕೆ ಪ್ಯಾರಿಸ್ ಹತ್ತಿರದ ಆನಿಯೇರ್ ಬಂಗಲೆಯದು. 1897ರಲ್ಲಿ ಮಾರಾಟಕ್ಕೆ ಬಂದಾಗ ತಮ್ಮ ಕೋಣೆಗೆ ಸರಿಯಾಗಿ ಕೂರುತ್ತದೆ ಎಂದು ಆಸ್ಟರ್ ಗುರುತಿಸಿದರು. ಮೊಲ, ಕಾಡುಕೋಳಿ, ಬೇಟೆನಾಯಿ, ಬಂದೂಕು ಎಲ್ಲವೂ ಆ ಕೆತ್ತನೆಯಲ್ಲಿವೆ. ಹೊಸ ಮನೆಗೆ ಹಳೆಯ ಮನೆಯ ಬಾಗಿಲು ತಂದು ಕೂರಿಸುವುದು ನಮ್ಮಲ್ಲೂ ಇದೆ. ಅಳತೆ ಕೂಡಿಬಂದರೆ ಬಡಗಿಗೆ ಆಗುವ ಸಂತೋಷ ನನಗೆ ಗೊತ್ತು.

ಹೋಟೆಲಾದ ಬಗೆಯನ್ನು ಮೆಚ್ಚಲೇಬೇಕು. 1942ರಲ್ಲಿ ಆಸ್ಟರ್ ಕುಟುಂಬ ಆಸ್ತಿಯನ್ನು ನ್ಯಾಷನಲ್ ಟ್ರಸ್ಟಿಗೆ ಕೊಟ್ಟಿತು. 1969ರಿಂದ 1983ರವರೆಗೆ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಅಲ್ಲಿದ್ದರು. ನಂತರ ಹೋಟೆಲು ಬಂದಾಗ ಹೊರಮೈಯ ದುರಸ್ತಿ, ಹೊಸ ಸೀಸದ ಚಾವಣಿ ಟ್ರಸ್ಟಿನ ಪಾಲಿಗೆ, ಒಳಗಿನ ದುರಸ್ತಿ ಹೋಟೆಲಿನ ಪಾಲಿಗೆ, ಹೀಗೆ 1984ರಿಂದ 86ರವರೆಗೆ ಕೆಲಸ ನಡೆಯಿತು. ಮಳೆ ಯಾರ ಜವಾಬ್ದಾರಿ, ಜಮಖಾನೆ ಯಾರ ಜವಾಬ್ದಾರಿ ಎಂದು ಮೊದಲೇ ಗೊತ್ತಿದ್ದರೆ ಕಟ್ಟಡ ಬದುಕುತ್ತದೆ. ಈ ಹಂಚಿಕೆ ಇಲ್ಲದೆ ಸೋರಿ ಸೋರಿ ಹಾಳಾದ ಎಷ್ಟು ಹಳೆಯ ಕಟ್ಟಡಗಳ ಕಡತಗಳನ್ನು ನಾನು ನೋಡಿಲ್ಲ!

---

ತೋಟದ ಹಾದಿ ಬರೆದ ಉತ್ತರ

ಗೋಡೆಯ ವಿಷಯ ನನಗೆ ತಿಳಿಯದು, ನಾನು ತೋಟ ನೋಡಲು ಹೋದವಳು. ಮತ್ತೊಮ್ಮೆ ಹೋದರೆ ನಿಮ್ಮ ತಂದೆಯವರಿಗೆ ದಕ್ಷಿಣದ ಜಗಲಿಯ ಮುಂದಿರುವ ಕೈಪಿಡಿಗೋಡೆಯನ್ನು ತಪ್ಪದೆ ತೋರಿಸಿ. ಅದು ಮನೆಗೆ ಸೇರಿದ್ದಲ್ಲ. ರೋಮ್ ನಗರದ ಬೋರ್ಗೀಸೆ ತೋಟಕ್ಕೆಂದು 1618-19ರಲ್ಲಿ ಮಾಡಿದ್ದು, ಆಸ್ಟರ್ ಅವರು 1896ರಲ್ಲಿ ಕೊಂಡು ಇಲ್ಲಿಗೆ ತಂದರು. 2004ರಲ್ಲಿ ಅದನ್ನು ಶುಚಿ ಮಾಡುವಾಗ ಒಂದು ಪುಟ್ಟ ಬಸವನಹುಳು ಕಣ್ಣಿಗೆ ಬಿತ್ತು. ಒಂದು ಸೆಂಟಿಮೀಟರಿಗಿಂತ ತುಸು ಉದ್ದ, ಕಡ್ಡಿಯಂಥ ಸಪೂರ ಚಿಪ್ಪು. ಅದು ಮೆಡಿಟರೇನಿಯನ್ ಕಡೆಯ ಹುಳು. ಕಲ್ಲಿನ ಸಂದಿಯಲ್ಲಿ ಅಡಗಿ ಬಂದು, ನೂರಕ್ಕೂ ಹೆಚ್ಚು ಚಳಿಗಾಲ ಕಳೆದು, ಅಲ್ಲೇ ಸಂಸಾರ ಮಾಡಿಕೊಂಡಿದೆ. ನಾನು ನೋಡಿದ ದಿನ ಸಣ್ಣ ಮಳೆ ಬಂದಿತ್ತು, ಮೂರು ಕಂಡವು.

---

ಪಾಂಡವಪುರದವಳು

ಎಲ್ಲರಿಗೂ ತುಂಬು ಹೃದಯದ ಧನ್ಯವಾದ. ಈ ಭಾನುವಾರ ಮತ್ತೆ ಹೋಗಿ ಬಂದೆವು.

ಮೈಸೂರಿನ ಸರ್, ನಿಮ್ಮ ಆಕ್ಷೇಪವನ್ನು ಅಪ್ಪನಿಗೆ ಹೇಳಿದೆ. ಬಹಳ ಗೌರವದಿಂದ ಕೇಳಿಸಿಕೊಂಡರು, ಆದರೆ ಒಪ್ಪಲಿಲ್ಲ. ಅವರ ಮಾತನ್ನೇ ಬರೆಯುತ್ತೇನೆ: "ನಮ್ಮ ದೇವಸ್ಥಾನಗಳ ಗೋಪುರದ ಮೇಲೆ ಇರುವ ದೇವರುಗಳೆಲ್ಲ ಇಟ್ಟಿಗೆ ಗಾರೆಯ ಬೊಂಬೆಗಳೇ. ಅವರಿಗೆ ಕೈ ಮುಗಿಯುವಾಗ ಯಾರಾದರೂ ಮೋಸ ಹೋದೆ ಎಂದುಕೊಳ್ಳುತ್ತಾರೆಯೇ? ಗಾರೆ ಕಲ್ಲಿನಂತೆ ಕಾಣುವುದು ಗಾರೆಯ ತಪ್ಪಲ್ಲ, ಗಾರೆಯವನ ಕೈಗುಣ." ನಾನು ಅಪ್ಪನ ಪಕ್ಷ. ಕಲ್ಲಿಲ್ಲದ ಊರಿನಲ್ಲಿ ಕಡಲದಂಡೆಯ ಉಂಡೆಗಳನ್ನು ಸುಟ್ಟು ಇಷ್ಟು ದೊಡ್ಡ ಮನೆಗೆ ಮೈ ಕೊಟ್ಟವರನ್ನು ನಾನು ಮೋಸಗಾರರು ಎನ್ನಲಾರೆ. ಆದರೆ ಜಗಲಿಯ ಇಟ್ಟಿಗೆಯ ವಿಷಯದಲ್ಲಿ ಅವರು ನಿಮ್ಮ ಜೊತೆಗಿದ್ದಾರೆ. ಆ ಕಮಾನುಗಳ ಕೆಳಗೆ ಮುಕ್ಕಾಲು ಗಂಟೆ ನಿಂತಿದ್ದರು.

ಲ್ಯಾಟಿನ್ ಪಟ್ಟಿಯ ಬಗ್ಗೆ ನಾನೇ ಹುಡುಕಿದೆ. ಮನೆಯ ಕತೆಯನ್ನು ನಾಲ್ಕು ಗೋಡೆಗಳ ಸುತ್ತ ಬರೆದಿದ್ದಾರೆ. ರಚಿಸಿದವರು ಮುಂದೆ ಪ್ರಧಾನಿಯಾದ ಗ್ಲಾಡ್‌ಸ್ಟನ್. ಪಶ್ಚಿಮದ ಗೋಡೆಯಲ್ಲಿ ಚಾರ್ಲ್ಸ್ ಬ್ಯಾರಿಯ ಹೆಸರಿದೆ, 1851 ಎಂಬ ವರ್ಷ ರೋಮನ್ ಅಂಕಿಗಳಲ್ಲಿದೆ. ಕೆಲಸದ ಗುತ್ತಿಗೆ ಹಿಡಿದಿದ್ದವರು ಲ್ಯೂಕಸ್ ಸಹೋದರರು ಎಂಬುದೂ ತಿಳಿಯಿತು, ಆದರೆ ಅದು ಪುಸ್ತಕಗಳಲ್ಲಿರುವ ಮಾತು. ಗಾರೆ ಬಳಿದವರ ಹೆಸರು ಆ ಪಟ್ಟಿಯಲ್ಲಿಲ್ಲ. ಅಪ್ಪನಿಗೆ ಹೇಳಿದಾಗ ಅವರಿಗೆ ಬೇಸರವಾದಂತೆ ಕಾಣಲಿಲ್ಲ. ಮೇಲುಕೋಟೆಯ ಹತ್ತಿರ ತಾವು ಕೆಲಸ ಮಾಡಿದ ಒಂದು ಛತ್ರದಲ್ಲಿ ಸೋದರಮಾವ ಚಾವಣಿಯ ಮೂಲೆಯಲ್ಲಿ, ಕೆಳಗಿನಿಂದ ಕಾಣದ ಹಾಗೆ, ಹಸಿ ಗಾರೆಯ ಮೇಲೆ ತಮ್ಮ ಹೆಬ್ಬೆಟ್ಟು ಒತ್ತಿದ್ದನ್ನು ಹೇಳಿದರು. "ಇಲ್ಲಿಯೂ ಎಲ್ಲೋ ಒಂದು ಕಡೆ ಇರುತ್ತದೆ, ನಮಗೆ ಕಾಣುವುದಿಲ್ಲ." ಊರಿಗೆ ಹೋದಾಗ ಆ ಛತ್ರಕ್ಕೆ ಹೋಗಬೇಕು, ಏಣಿ ಹಾಕಿ ನಾನೇ ಹತ್ತಬೇಕು ಎಂದು ನಿಶ್ಚಯಿಸಿದ್ದೇನೆ.

ತೋಟದ ಹಾದಿ ಅಕ್ಕ, ನೀವು ಹೇಳಿದ ಕೈಪಿಡಿಗೋಡೆಗೆ ಕೊನೆಯಲ್ಲಿ ಹೋದೆವು. ಬಿಸಿಲಿದ್ದ ಕಾರಣಕ್ಕೋ ಏನೋ ಬಸವನಹುಳು ಕಾಣಲಿಲ್ಲ. ಅಪ್ಪ ಹುಳು ಹುಡುಕಲೂ ಇಲ್ಲ. ನಾನು ಬೇಕೆಂದೇ ಏನೂ ಹೇಳದೆ ಹಿಂದೆ ನಿಂತೆ. ಅಂಗೈ ಇಟ್ಟರು, ಬೆರಳ ತುದಿಯಿಂದ ಸಣ್ಣ ಸಣ್ಣ ತೂತುಗಳನ್ನು ಸವರಿದರು, ಬಾಗಿ ಅಡಿಯ ಅಂಚನ್ನು ನೋಡಿದರು. ಮಧ್ಯದಲ್ಲಿ ಸೇರಿಸಿದ್ದ ತೆಳ್ಳನೆಯ ಇಟ್ಟಿಗೆ ಬಿಲ್ಲೆಗಳನ್ನು ಎಣಿಸಿದರು. ಮೇಲೆದ್ದು ನನ್ನ ಕಡೆ ತಿರುಗಿ, "ಇದು ಕಲ್ಲು" ಎಂದರು.

ಸುಣ್ಣದಗೂಡು ಸರ್, ಒಂದು ಕೋರಿಕೆ ಉಳಿದಿದೆ. ಅಪ್ಪ ಇನ್ನು ಐದು ವಾರ ಇಲ್ಲಿರುತ್ತಾರೆ. ಆ ಕಾಲು ಗಂಟೆಯ ಗಾರೆಯನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಬೇಕು ಎನ್ನುತ್ತಿದ್ದಾರೆ. ಬ್ರಿಸ್ಟಲಿಗೆ ನಾನು ಕರೆದುಕೊಂಡು ಬರುತ್ತೇನೆ. ನಿಮ್ಮ ಕೆಲಸದ ಜಾಗದಲ್ಲಿ ಅರ್ಧ ಬಾಣಲಿ ಕಲಸಿ ಕೊಡಲು ಸಾಧ್ಯವೇ? ಕರಣೆ ಅವರ ಪೆಟ್ಟಿಗೆಯಲ್ಲೇ ಇದೆ, ಊರಿನಿಂದ ಬಟ್ಟೆಗಳ ನಡುವೆ ಸುತ್ತಿ ತಂದಿದ್ದಾರೆ.